ಅಕ್ಷರಕ್ಕ ಹನ್ನೆರಡು ರೂಪಾಯಿ

ನಾನು ದಸ್ತಗೀರ, ಚಿತಾಪುರದಾಗ ಪೇಂಟರ್.
ಲಾರಿ ಹಿಂದಿನ ಶಾಯರಿ, ದವಾಖಾನಿ ಗ್ವಾಡಿ,
ಸತ್ತವರ ಫರಸಿ, ಇಲೆಕ್ಷನ್ ಗುರುತು,
ಎಲ್ಲಾ ಬರದೀನಿ. ರೇಟು ಒಂದೇ:
ಅಕ್ಷರಕ್ಕ ಹನ್ನೆರಡು ರೂಪಾಯಿ,
ಒತ್ತಕ್ಷರಕ್ಕ ಬ್ಯಾರೆ ಇಲ್ಲ.

ಕಾಗಿಣಾ ದಾಟಿದ ಮ್ಯಾಲ ಎಡಕ್ಕೊಂದು ಪಂಚಾಯ್ತಿ,
ಅಲ್ಲಿ ಅಧ್ಯಕ್ಷರ ಹೆಸರಿನ ಹಲಗಿ.
ಸಾಗವಾನಿ. ಎತ್ತಲಿಕ್ಕೆ ನಾಕು ಮಂದಿ ಬೇಕು.
ಮೊದಲು ವಾಡಿ ಜಂಕ್ಷನ್‌ದಾಗ ತೂಗಾಡ್ತಿತ್ತಂತ.
ಗೋರಾ ಸಾಹೇಬರ ರೈಲು ಕಂಪನಿ ಇಂಗ್ಲಿಷಿನಾಗ ಬರಸಿದ್ದು:
ಮೂರನೇ ದರ್ಜೆಯವರು ಆಕಡೆ ಕೂಡಬೇಕು.
ಅದರ ಮ್ಯಾಲ ನಮ್ಮಜ್ಜ, ನಿಜಾಮರ ಕಾಲಕ್ಕ,
ಉರ್ದುದಾಗ ‘ಚಾವಡಿ’ ಅಂತ ಬರದ.
ಅದರ ಮ್ಯಾಲ ನಮ್ಮಪ್ಪ, ಕನ್ನಡ ಹೊಸದಾಗಿ ಕಲ್ತು,
‘ಪಂಚಯ್ತಿ’ ಅಂತ, ದೀರ್ಘ ಬಿಟ್ಟು.
ಯಾರೂ ಕೇಳಲಿಲ್ಲ.
ಬ್ಯಾಸಗ್ಯಾಗ ಬಣ್ಣ ಬಿರಕ ಬಿಟ್ಟಾಗ
ಅಪ್ಪನ ಕೆಳಗ ಅಜ್ಜ, ಅಜ್ಜನ ಕೆಳಗ ಸಾಹೇಬ
ಇಣಕಿ ನೋಡ್ತಾರ.

ಹೆಸರು ಹಿಂಗ ಅದಾವ.
ಚ. ಬ. ಮಾಲಿಪಾಟೀಲ.
ಬ. ಚ. ಮಾಲಿಪಾಟೀಲ.
ಮತ್ತ ಚ. ಬ., ಇವ ಮೊಮ್ಮಗ.
ಮುಂದ ಮೀಸಲಾತಿ ಬಂತು:
ಶ್ರೀಮತಿ ಗುರಮ್ಮ ಗಂಡ ಚ. ಬ. ಮಾಲಿಪಾಟೀಲ.
ಐದು ವರ್ಷ ಆಕಿ ಕುರ್ಚಿ ನೋಡಲಿಲ್ಲ,
ಕುರ್ಚಿ ಆಕಿನ್ನ ನೋಡಲಿಲ್ಲ.
ಆಮ್ಯಾಲ ಹಣಮಂತ ದೊಡ್ಡಮನಿ.
ಮೂರು ತಿಂಗಳ. ಅವಿಶ್ವಾಸ ಹಾಕಿ ಇಳಿಸಿದ್ರು.
ಅವನ ಹೆಸರು ಬರಿಯಕ ಹೋದಾಗ
ವಾಡೇದ ಆಳುಮಗ ಬಾಜೂಕ ಬಂದು ನಿಂತ:
‘ಸಣ್ಣಗ ಬರಿ.’
ಸಣ್ಣ ಬ್ರಶ್ ತಗೊಂಡೆ.
ಚೌಕಟ್ಟಿಗೆ ಹತ್ತಿಸಿ ಇರುವಿ ಸಾಲಿನಂಗ ಬರದೆ.
ರೊಕ್ಕ ಮಾತ್ರ ದೊಡ್ಡ ಅಕ್ಷರದ್ದೇ ತಗೊಂಡೆ,
ಖರೇ ಹೇಳ್ತೀನಿ.

ಈ ಸಲ ತಾಂಡಾದ ಪಾಳಿ.
ಪಿಡಿಓ ಸಾಹೇಬರು ಚೀಟಿ ಕೊಟ್ರು:
ಪೋಮ್ಲಿಬಾಯಿ ಗಂಡ ಥಾವರು ರಾಠೋಡ.
ಹನ್ನೆರಡು ಅಕ್ಷರ, ನೂರಾ ನಲವತ್ನಾಕು, ಮಂಜೂರು.

ನಾನು ದಾರ ಹಿಡಿದು ಗೆರಿ ಹೊಡಿಯೋದ್ರಾಗ
ಆಕಿನೇ ಬಂದ್ಲು. ಹುಬ್ಬಿನ ಮ್ಯಾಲ ಕಲ್ಲಿನ ಹಿಟ್ಟು.
ಖಣಿಯಾಗ ಫರಸಿ ಎಣಿಸೋ ಕೆಲಸ,
ಓದಲಿಕ್ಕೆ ಬರಲ್ಲ, ಎಣಿಕಿ ತಪ್ಪಲ್ಲ.
‘ಮ್ಯಾಲಿಂದ ಓದಿ ಹೇಳು, ಭಾಯಿ.’
ಓದಿದೆ. ಹಣಮಂತ ಬಂದಾಗ
ನನ್ನ ದನಿನೂ ಯಾಕೋ ಸಣ್ಣಾತು.

‘ಇದ್ಯಾಕ ಇಷ್ಟು ಬಾರೀಕ?’
‘ಮೂರೇ ತಿಂಗಳ ಇದ್ದನಲ್ಲ, ಬಾಯಿ.’
‘ಆ ಮೂರು ತಿಂಗಳದಾಗೇ ತಾಂಡಾಕ ನಳ ಬಂತು.’
ಫ್ಯಾನು ತಿರಗತಿತ್ತು.
‘ಕೆರಿ ಅದನ್ನ. ಎಲ್ಲಾರಷ್ಟೇ ಬರಿ.’

ಪಿಡಿಓ ಫೈಲಿನಿಂದ ತಲಿ ಎತ್ತಿದ್ರು:
‘ಮೇಡಂ, ಎಂಟು ಅಕ್ಷರ ಹೆಚ್ಚಾಗ್ತಾವ.
ತೊಂಬತ್ತಾರು ರೂಪಾಯಿ. ಠರಾವಿನಾಗ ಇಲ್ಲ.
ಆಡಿಟ್‌ದವರು ನನ್ನ ಕುತ್ತಿಗಿ ಹಿಡಿತಾರ.’

ಆಕಿ ನನ್ನ ಕಡಿ ತಿರುಗಿ,
‘ನನ್ನ ಚೀಟಿ ಓದು. ಸಾವಕಾಶ’ ಅಂದ್ಲು.
ಒಂದೊಂದೇ ಓದಿದೆ, ಆಕಿ ಬೆರಳು ಮಡಚಿದ್ಲು.
‘ಗಂಡದಿಂದ ಮುಂದ ಎಷ್ಟು ಆದ್ವು?’
‘ಎಂಟು.’
‘ಅವು ಬ್ಯಾಡ. ಲೆಕ್ಕ ಸರಿ ಆತಲ್ಲ, ಸಾಹೇಬ್ರ?’

ಬಾಗಿಲಾಗ ಥಾವರು, ಕೈಯಾಗ ಚಹಾದ ಗ್ಲಾಸು,
ಅಂಗಿ ಜೇಬಿನಾಗ ಪಂಚಾಯ್ತಿ ಶಿಕ್ಕಾ.
ಚಹಾ ಇಟ್ಟ. ಜೇಬು ಮುಟ್ಟಿ ನೋಡ್ಕೊಂಡ.
ಏನೂ ಅನ್ನಲಿಲ್ಲ, ಹೊರಗ ಹೋಗಿ ಗಾಡಿ ಒದ್ದ.
ಮೂರು ಒದಿಕಿಗೆ ಚಾಲೂ ಆತು.

ಹಣಮಂತನ ಸಣ್ಣ ಹೆಸರು ಕೆರದಾಗ
ಕೆಳಗಿಂದ ಇಂಗ್ಲಿಷಿನ ‘ಮೂರು’ ಎದ್ದು ಬಂತು.
ಎರಡು ಕೋಟು ಹೊಡದೆ.
ಅವನಿಗೆ ಜಾಗ ಕೊಟ್ಟ ಮ್ಯಾಲ
ಆಕಿಗೆ ಉಳಿದದ್ದು ತಳದ ಅಂಚು.
ಅಲ್ಲೇ ಬರದೆ, ಕಾಲು ಮಡಚಿ ಕೂತು:
ಪೋಮ್ಲಿಬಾಯಿ.

ಮರುದಿನ ಮಾಲಿಪಾಟೀಲರ ಹುಡುಗ
ಅಂಗಡಿ ಮುಂದ ಜೀಪು ನಿಂದರಿಸಿ ನಕ್ಕ:
‘ಏನ್ ಬರದಿಯೋ? ತಾಂಡಾದಾಗ ಪೋಮ್ಲಿಬಾಯಿ
ಮೂರು ಮಂದಿ ಅದಾರ.
ನಾಳಿ ಓದಿದವರಿಗೆ
ಯಾವಕಿ ಅಂತ ತಿಳಿಬೇಕು?’

ನನಗೂ ಜವಾಬು ಹೊಳಿಲಿಲ್ಲ.
ಬಿಲ್ಲು ಇನ್ನೂ ಪಾಸಾಗಿಲ್ಲ.
ಮೂವರೂ ಬಂದು
ಹಲಗಿ ನೋಡಿ ಹೋದ್ರಂತ.